ಗೋಲ್ಗಪ್ಪಾ ತಂಡದಲ್ಲಿ ದೇವೇಂದ್ರಪ್ಪನವರು

ದೇವೇಂದ್ರಪ್ಪನವರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಮೂವತ್ತು ಚಿಲ್ಲರೆ ವರ್ಷ ಸೇವೆ ಸಲ್ಲಿಸಿ ಉಪ ಕಾರ್ಯದರ್ಶಿಯಾಗಿ ನಿವೃತ್ತರಾದರು. ಅಷ್ಟೂ ವರ್ಷ ಅವರ ಮೇಲೆ ಒಂದು ವಿಚಾರಣೆ ಇಲ್ಲ, ಒಂದು ಆಡಿಟ್ ಆಕ್ಷೇಪಣೆ ಇಲ್ಲ, ಒಂದು ಮೂಗರ್ಜಿಯೂ ಇಲ್ಲ. ಕಾರಣ ಸರಳ. ಅಷ್ಟೂ ವರ್ಷದಲ್ಲಿ ಅವರು ಒಂದೇ ಒಂದು ನಿರ್ಧಾರವನ್ನೂ ತೆಗೆದುಕೊಂಡಿರಲಿಲ್ಲ.

ಹಾಗೆಂದು ಸೋಮಾರಿಯಲ್ಲ. ಮೇಜಿಗೆ ಬಂದ ಕಡತವನ್ನು ಪೂರ್ತಿ ಓದುತ್ತಿದ್ದರು. ಆ ಕಟ್ಟಡದಲ್ಲಿ ಅದೊಂದು ಅಪರೂಪದ ಗುಣ. ಓದಿ, ಎಲ್ಲೋ ಒಂದು ಹುಳುಕು ಹುಡುಕಿ, ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು ಕೆಳಕ್ಕೆ ಕಳಿಸುತ್ತಿದ್ದರು. ಚರ್ಚೆ ಮುಗಿಸಿ ಕಡತ ಮೇಲೆ ಬಂದರೆ ಅದರಲ್ಲಿ ಇನ್ನೊಂದು ಹುಳುಕು ಇರುತ್ತಿತ್ತು. ಹೀಗೆ ಹತ್ತಿ ಇಳಿದು ಕಡತಗಳು ಸವೆದವು, ದೇವೇಂದ್ರಪ್ಪನವರು ಸವೆಯಲಿಲ್ಲ. ಅವರಿಗಿದ್ದ ಕೊರಗು ಒಂದೇ. ಕಡತದಲ್ಲಿ ಹಸಿರು ಶಾಯಿ ಬಳಸುವ ಹಕ್ಕು ಜಂಟಿ ಕಾರ್ಯದರ್ಶಿಗಳಿಗೆ ಮತ್ತು ಅವರಿಗಿಂತ ಮೇಲಿನವರಿಗೆ ಮಾತ್ರ. ಇವರು ಎರಡು ಮೆಟ್ಟಿಲು ಕೆಳಗೇ ನಿಂತುಬಿಟ್ಟರು. ನಿವೃತ್ತರಾದ ವಾರವೇ ರಾಜಧಾನಿಯ ಜನಕಪುರಿಯ ಮಾರುಕಟ್ಟೆಗೆ ಹೋಗಿ ಒಂದು ಡಬ್ಬಿ ಹಸಿರು ಪೆನ್ನು ತಂದರು.

ತಂದರೇನು, ಬರೆಯಲು ಕಡತ ಬೇಕಲ್ಲ. ಮನೆಯಲ್ಲಿ ಹೆಂಡತಿ ಸುಮಿತ್ರಾ, ಮಗ ರಾಹುಲ್, ಸೊಸೆ ಸ್ಫೂರ್ತಿ, ಏಳನೇ ಕ್ಲಾಸಿನ ಮೊಮ್ಮಗಳು ಅಮೂಲ್ಯ. ಮಗ-ಸೊಸೆ ಇಬ್ಬರೂ ಬೆಳಿಗ್ಗೆ ಗುರುಗ್ರಾಮದ ಕಂಪನಿಗಳಿಗೆ ಹೋದರೆ ಸಂಜೆಗೆ ಮುಖ ತೋರಿಸುವವರು. ಅಡುಗೆಮನೆಯ ಆಡಳಿತದಲ್ಲಿ ಕೈಹಾಕಲು ಒಮ್ಮೆ ನೋಡಿದರು. ಬೆಂಡೆಕಾಯಿ ತರಲು ಹೋದವರು ಮೂರು ಗಾಡಿಗಳವರ ದರ ಕೇಳಿ, ಹೋಲಿಸಿ, ಇನ್ನಷ್ಟು ಮಾಹಿತಿ ಬೇಕೆಂದು ಬರಿಗೈಲಿ ಬಂದರು.

"ಮೂರು ಜನ ಭಯ್ಯಾಗಳಿಂದ ಕೊಟೇಶನ್ ತಂದಿದೀರಿ, ಬಹಳ ಸಂತೋಷ," ಎಂದರು ಸುಮಿತ್ರಾ. "ಅದನ್ನೇ ಹುಳಿ ಮಾಡ್ತೀನಿ, ಊಟಕ್ಕೆ ಕೂತ್ಕೊಳ್ಳಿ."

ಅಲ್ಲಿಗೆ ಆ ಇಲಾಖೆ ಮುಚ್ಚಿತು. ಕನ್ನಡ ಸಂಘದವರು ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡು, ಮರುದಿನದಿಂದ ಸಲಹೆ ಕೇಳುವುದನ್ನು ನಿಲ್ಲಿಸಿದರು. ಪಾರ್ಕಿನ ನಗೆಕೂಟದವರು ಬೆಳಿಗ್ಗೆ ಕೈ ಮೇಲೆತ್ತಿ ಹಾಹಾ ಎನ್ನುವಾಗ ಇವರು 'ಯಾತಕ್ಕೆ?' ಎಂದು ಕೇಳಿದ್ದರಿಂದ ಅಲ್ಲಿಯೂ ಜಾಗ ಉಳಿಯಲಿಲ್ಲ. ಊರಲ್ಲಿ ತಮ್ಮ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಎನ್ನುವುದು ದೇವೇಂದ್ರಪ್ಪನವರಿಗೆ ನಿಧಾನವಾಗಿ ಅರಿವಾಯಿತು. ಮತದಾರರ ಪಟ್ಟಿ ಒಂದನ್ನು ಬಿಟ್ಟು.

ಇಂಥ ಹೊತ್ತಿನಲ್ಲಿ ಅಮೂಲ್ಯಳ ರೋಬೋಟ್ ಮನೆಗೆ ಬಂತು.

ಅಮೂಲ್ಯ, ಮೇಲಿನ ಮಹಡಿಯ ಚಿರಂತ್, ಎದುರು ಮನೆಯ ಹರ್ಲೀನ್, ಈ ಮೂವರೂ ಸೇರಿ ಮಕ್ಕಳ ರೋಬೋಟ್ ಸ್ಪರ್ಧೆಗೆ ತಂಡ ಕಟ್ಟಿದ್ದರು. ಆಟ ಇಷ್ಟು: ನೆಲಕ್ಕೆ ಹಾಸಿದ ದೊಡ್ಡ ಬಿಳಿ ಹಾಸಿನ ಮೇಲೆ ಕಪ್ಪು ಗೆರೆ ಇರುತ್ತದೆ. ಮಕ್ಕಳೇ ಕಟ್ಟಿದ ಪುಟ್ಟ ಯಂತ್ರವೊಂದು ತಾನಾಗಿ ಆ ಗೆರೆ ಹಿಡಿದು ಹೋಗಿ, ದಾರಿಯಲ್ಲಿ ಸಿಗುವ ಬಣ್ಣದ ಬ್ಲಾಕುಗಳನ್ನು ಎತ್ತಿ, ಅವವುಗಳ ಬಣ್ಣದ ಚೌಕದಲ್ಲಿ ಇಡಬೇಕು. ಮೂರು ಸುತ್ತು; ಅದರಲ್ಲಿ ಒಳ್ಳೆಯದೊಂದು ಲೆಕ್ಕಕ್ಕೆ. ತಂಡಕ್ಕೊಬ್ಬ ದೊಡ್ಡವರು ಕೋಚ್ ಆಗಿ ಇರಲೇಬೇಕು, ಆದರೆ ಅವರು ರೋಬೋಟನ್ನು ಮುಟ್ಟುವಂತಿಲ್ಲ.

"ನನಗೆ ಭಾನುವಾರಾನೂ ಕಾಲ್ ಇರುತ್ತೆ ಪುಟ್ಟೀ," ಎಂದಳು ಸ್ಫೂರ್ತಿ. "ದ್ವಾರಕಾದಲ್ಲಿ ಆ ಅಕಾಡೆಮಿ ಇದೆಯಲ್ಲ, ಅಲ್ಲಿಗೇ ಸೇರಿಬಿಡಿ."

"ಅಲ್ಲಿ ರೋಬೋಟ್ ರೆಡಿಮೇಡ್ ಕೊಡ್ತಾರೆ ಮಮ್ಮಾ. ನಾವು ಬಸ್, ಟೀ-ಶರ್ಟ್ ಹಾಕ್ಕೊಂಡು ನಿಂತ್ಕೋಬೇಕು, ಅಷ್ಟೇ."

ಪತ್ರಿಕೆಯ ಹಿಂದಿನಿಂದ ದನಿ ಬಂತು. "ನಾನಿದ್ದೀನಲ್ಲ."

"ಅಜ್ಜಾ, ಅದು ಯೂತ್ ಟೀಮ್," ಎಂದಳು ಅಮೂಲ್ಯ. "ನೀವು ಥೋಡೀ ಯೂತ್! ನೀವೆಲ್ಲಿ, ಯೂತ್ ಎಲ್ಲಿ!"

"ಕೋಚ್ ಕೂಡ ಯೂತ್ ಇರಬೇಕು ಅಂತ ನಿಯಮ ಇದೆಯಾ? ತೋರಿಸು."

ಇರಲಿಲ್ಲ. ದೇವೇಂದ್ರಪ್ಪನವರು ನಿಯಮಾವಳಿಯನ್ನು ಆ ಮಧ್ಯಾಹ್ನವೇ ಮೊದಲಿನಿಂದ ಕೊನೆಯವರೆಗೆ ಓದಿ, ಎರಡು ಅಚ್ಚಿನ ತಪ್ಪುಗಳನ್ನೂ ಪರಸ್ಪರ ವಿರುದ್ಧವಾದ ಒಂದು ಜೋಡಿ ಕಲಮುಗಳನ್ನೂ ಪತ್ತೆಹಚ್ಚಿದರು. ಮಕ್ಕಳು ಬಾಲ್ಕನಿಯಲ್ಲಿ ಪಿಸುಗುಟ್ಟಿದರು. ಬೇರೆ ದೊಡ್ಡವರಿಗೆ ಯಾರಿಗೂ ಬಿಡುವಿರಲಿಲ್ಲ. ಒಳಗೆ ಬಂದು ಅಮೂಲ್ಯ ತೀರ್ಪು ಹೇಳಿದಳು.

"ಕಾಂಪಿಟಿಷನ್ ತನಕ ಟ್ರಯಲ್. ಗಡ್‌ಬಡ್ ಮಾಡಿದ್ರೆ ಮುಂದಿನ ಸಲ ಹರ್ಲೀನ್‌ನ ಬುವಾ ಕೋಚ್."

"ಬುವಾ ಬಹುತ್ ಸ್ಟ್ರಿಕ್ಟ್ ಹೈ," ಎಂದಳು ಹರ್ಲೀನ್, ಅತ್ತೆಯ ಹೆಸರಿಗೆ ತಕ್ಕ ಗಾಂಭೀರ್ಯ ತಂದುಕೊಂಡು.

"ಅಂದರೆ ಪ್ರೊಬೇಷನ್," ಎಂದರು ದೇವೇಂದ್ರಪ್ಪನವರು.

"ಹಾಂ. ವಹೀ."

ನೂರಾರು ಜನರನ್ನು ಪ್ರೊಬೇಷನ್ನಿನಲ್ಲಿ ಇಟ್ಟು, ಅವರ ಕಾಯಂ ಆದೇಶವನ್ನು ತಿಂಗಳುಗಟ್ಟಲೆ ಚರ್ಚೆಗೆ ಕಳಿಸಿದ ಮನುಷ್ಯ ಈಗ ಹನ್ನೆರಡು ವರ್ಷದ ಹುಡುಗಿಯ ಕೆಳಗೆ ಪ್ರೊಬೇಷನ್ನಿಗೆ ಒಪ್ಪಿದರು. ಭಾನುವಾರದ ಮೊದಲ ಅಭ್ಯಾಸಕ್ಕೆ ಬೂಟಿಗೆ ಪಾಲಿಶ್ ಹಾಕತೊಡಗಿದಾಗ ಸುಮಿತ್ರಾ ಬಾಗಿಲಲ್ಲಿ ನಿಂತು ನೋಡಿದರು.

"ಅಭ್ಯಾಸ ಇರೋದು ನಮ್ಮ ಹಾಲ್‌ನಲ್ಲಿ. ಬೂಟ್ ಯಾಕ್ರೀ? ಈ ವಯಸ್ಸಲ್ಲಿ ಇದೆಲ್ಲ ನಿಮಗ್ಯಾಕೆ?"

"ಯಾವುದಾದರೂ ಒಂದು ತಂಡದಲ್ಲಿ ಹೆಸರಿರಲಿ ಸುಮಿತ್ರಾ," ಎಂದರು ಅವರು ತಲೆ ಎತ್ತದೆ. ಸುಮಿತ್ರಾ ಒಳಗೆ ಹೋಗಿ ಹಳೆಯ ಬಟ್ಟೆಯ ಚೂರೊಂದನ್ನು ತಂದು ಬೂಟಿನ ಪಕ್ಕ ಇಟ್ಟರು.

ಮೊದಲ ಸಭೆಯ ಮೊದಲ ವಿಷಯ ರೋಬೋಟಿನ ಹೆಸರು. ಅದರ ಹೊಟ್ಟೆ ದುಂಡಗಿತ್ತು, ಬ್ಲಾಕು ನುಂಗಲು ಮುಂದೆ ಒಂದು ಬಾಯಿ ಇತ್ತು. ಹರ್ಲೀನ್ ಅದನ್ನು, ಆ ಕಡೆಯವರು ಪಾನಿಪುರಿಯನ್ನು ಕರೆಯುವಂತೆ, 'ಗೋಲ್ಗಪ್ಪಾ' ಎಂದು ಕರೆದಳು. ದೇವೇಂದ್ರಪ್ಪನವರು ಹಸಿರು ಪೆನ್ನಿನಲ್ಲಿ ಬರೆದರು: 'ಹೆಸರಿನಲ್ಲಿ ಗಾಂಭೀರ್ಯದ ಕೊರತೆ ಇದೆ. ಚರ್ಚಿಸಿ.' ಚರ್ಚೆ ಮುಂದಿನ ಭಾನುವಾರಕ್ಕೂ ಹೋಯಿತು. ಕೊನೆಗೆ ನಡಾವಳಿಯಲ್ಲಿ 'ಯಂತ್ರ, ಇನ್ನು ಮುಂದೆ ಗೋಲ್ಗಪ್ಪಾ ಎಂದು ಉಲ್ಲೇಖಿಸಲಾಗುವುದು' ಎಂದು ದಾಖಲಾಯಿತು. ಅಷ್ಟರಲ್ಲಿ ಮಕ್ಕಳು ಅದರ ಬೆನ್ನ ಮೇಲೆ ಆ ಹೆಸರನ್ನು ಬಣ್ಣದಲ್ಲಿ ಬರೆದು ಒಣಗಿಸಿಯೂ ಆಗಿತ್ತು.

ಎರಡನೆಯ ವಿಷಯ ಚಕ್ರ. ಅಮೂಲ್ಯಳಿಗೆ ದೊಡ್ಡ ಚಕ್ರ ಬೇಕಿತ್ತು.

"ದೊಡ್ಡದು ಯಾಕೆ?"

"ಫಾಸ್ಟ್ ಹೋಗುತ್ತೆ ಅಜ್ಜಾ."

"ಎಷ್ಟು ಫಾಸ್ಟ್? ಚಿಕ್ಕದಕ್ಕಿಂತ ಎಷ್ಟು ಹೆಚ್ಚು?"

"ಅರೇ, ದಿಖ್ತಾ ಹೈ ನಾ!"

"ಕಾಣ್ಸುತ್ತೆ ಅನ್ನೋದು ಕಡತದಲ್ಲಿ ನಿಲ್ಲಲ್ಲಮ್ಮ."

ಅಮೂಲ್ಯ ಹಲ್ಲು ಕಚ್ಚಿ, ವಾರವಿಡೀ ಶಾಲೆಯಿಂದ ಬಂದು, ಮೂರು ಅಳತೆಯ ಚಕ್ರ ಹಾಕಿ ಓಡಿಸಿ, ಫೋನಿನಲ್ಲಿ ವೇಳೆ ಅಳೆದಳು. ದೊಡ್ಡ ಚಕ್ರ ನೇರ ದಾರಿಯಲ್ಲಿ ವೇಗವಾಗಿ ಹೋಗಿ ತಿರುವಿನಲ್ಲಿ ಜಾರುತ್ತಿತ್ತು. ನಡುವಿನದು ಉಳಿಯಿತು. ಅಜ್ಜನ ಮುಂದೆ ಅಂಕಿಗಳನ್ನು ಇಟ್ಟಾಗ ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ತಿರುವಿನಲ್ಲಿ ಜಾರೋದು ಚಕ್ರದ ಅಳತೆಯಿಂದಲೋ, ರಬ್ಬರಿನಿಂದಲೋ? ಚರ್ಚಿಸಿ."

ತಾವು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೇವೆಂಬ ಭ್ರಮೆ ದೇವೇಂದ್ರಪ್ಪನವರಿಗೆ ಇರಲಿಲ್ಲ. ದಾವಣಗೆರೆಯಲ್ಲಿ ಓದಿದ ಬಿ.ಎಸ್ಸಿ.ಯ ಭೌತಶಾಸ್ತ್ರ ಸ್ವಲ್ಪ ನೆನಪಿತ್ತು, ಅಷ್ಟೆ. ಅವರು ಮುಂದೂಡುತ್ತಿದ್ದರು. ಒಂದು ಪ್ರಶ್ನೆ ಕೇಳಿದರೆ ನಿರ್ಧಾರ ಒಂದು ವಾರ ಆಚೆಗೆ ಹೋಗುತ್ತದೆ ಎನ್ನುವುದು ಅವರ ಸೇವಾವಧಿಯ ಸಾರ. ವ್ಯತ್ಯಾಸ ಏನೆಂದರೆ, ಸಚಿವಾಲಯದಲ್ಲಿ ಪ್ರಶ್ನೆ ಕೆಳಗೆ ಹೋದಾಗ ಆ ವಾರ ಯಾರೂ ಏನೂ ಮಾಡುತ್ತಿರಲಿಲ್ಲ. ಇಲ್ಲಿ ಮಕ್ಕಳು ಕೋಪಕ್ಕೆ ಉತ್ತರ ಹುಡುಕಿ ತರುತ್ತಿದ್ದರು.

ಚಿರಂತ್‌ನ ಪಾಡು ಇನ್ನೂ ಕಷ್ಟ. ರೋಬೋಟಿನ ಹೊಟ್ಟೆಯ ಅಡಿಯಲ್ಲಿ ಒಂದು ಕಣ್ಣಿತ್ತು. ಅದು ನೆಲಕ್ಕೆ ಬೆಳಕು ಬಿಟ್ಟು, ಎಷ್ಟು ಹಿಂದಿರುಗಿತೆಂದು ಅಳೆಯುತ್ತಿತ್ತು. ಬಿಳಿಯ ಮೇಲೆ ದೊಡ್ಡ ಅಂಕಿ, ಕಪ್ಪಿನ ಮೇಲೆ ಸಣ್ಣ ಅಂಕಿ. ಎರಡರ ನಡುವೆ ಒಂದು ಗಡಿ ಅಂಕಿಯನ್ನು ಪ್ರೋಗ್ರಾಮಿನಲ್ಲಿ ಬರೆಯಬೇಕು. ಓದಿದ್ದು ಅದಕ್ಕಿಂತ ಕಡಿಮೆಯಾದರೆ ಗೆರೆ ಸಿಕ್ಕಿತೆಂದು ಅರ್ಥ. ಚಿರಂತ್ ನಲವತ್ತೈದು ಎಂದು ಬರೆದಿದ್ದ.

"ನಲವತ್ತೈದೇ ಯಾಕೆ? ನಲವತ್ತು ಯಾಕಲ್ಲ?" ಎಂದರು ಕೋಚ್.

"ತಾತ, ಎರಡೂ ವರ್ಕ್ ಆಗುತ್ತೆ."

"ಹಾಗಾದರೆ ಎರಡರಲ್ಲಿ ಒಂದು ತಪ್ಪಿರಬೇಕು."

ಚಿರಂತ್ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಬಂದು, ಹಾಲ್‌ನ ಟ್ಯೂಬ್‌ಲೈಟ್ ಉರಿಸಿ, ಆರಿಸಿ, ಕಿಟಕಿ ಪರದೆ ತೆಗೆದು, ಮುಚ್ಚಿ, ಕಪ್ಪಿನ ಮೇಲೂ ಬಿಳಿಯ ಮೇಲೂ ಅಳೆದು, ಸರಿ ನಡುವೆ ಬರುವುದು ನಲವತ್ತೈದೇ ಎಂದು ತೋರಿಸಿದ. ತೋರಿಸಿದ ಧಾಟಿ ಮಾತ್ರ ವಿವರಣೆಗಿಂತ ಬೈಗುಳಕ್ಕೆ ಹತ್ತಿರವಿತ್ತು.

ಈ ಅವಧಿಯಲ್ಲಿ ದೇವೇಂದ್ರಪ್ಪನವರು ರೋಬೋಟನ್ನು ಒಮ್ಮೆಯೂ ಮುಟ್ಟಲಿಲ್ಲ. ನಿಯಮ ಹಾಗಿತ್ತು ಎನ್ನುವುದು ಒಂದು ಕಾರಣ. ಕೆಲಸವನ್ನು ಕೈಯಾರೆ ಮಾಡುವ ರೂಢಿ ಇರಲಿಲ್ಲ ಎನ್ನುವುದು ಇನ್ನೊಂದು. ಒಂದು ತಿರುಪು ಉರುಳಿ ಬಂದು ಅವರ ಬೂಟಿಗೆ ತಗುಲಿದಾಗ, ಅದನ್ನು ಎತ್ತಿಕೊಳ್ಳುವಂತೆ ಚಿರಂತ್‌ಗೆ ಸೂಚಿಸಿದರು.

ಸ್ಪರ್ಧೆ ಹತ್ತಿರ ಬಂದಾಗ ಅವರು ಫ್ರಿಜ್ಜಿನ ಬಾಗಿಲಿಗೆ ಒಂದು ಆದೇಶ ಅಂಟಿಸಿದರು. ವಿನ್ಯಾಸವನ್ನು ಅಂತಿಮಗೊಳಿಸಲಾಗಿದೆ, ಇನ್ನು ಯಾವುದೇ ಬದಲಾವಣೆಗೆ ಮೂವರೂ ಸದಸ್ಯರ ಒಮ್ಮತ ಮತ್ತು ಕೋಚ್ ಅವರ ಪೂರ್ವಾನುಮತಿ ಕಡ್ಡಾಯ. ಮಕ್ಕಳು ಓದದೆಯೇ ಸಹಿ ಹಾಕಿದರು. ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಇತ್ತು, ಅಜ್ಜ ಬಾಗಿಲಿಗೆ ಅಡ್ಡ ನಿಂತಿದ್ದರು.

ಸ್ಪರ್ಧೆ ನೋಯ್ಡಾದ ಒಂದು ಖಾಸಗಿ ಶಾಲೆಯಲ್ಲಿ. ನವೆಂಬರಿನ ಗಾಳಿ ಹೊಗೆ ಬೆರೆತು ಕಂದು ಹಿಡಿದಿತ್ತು. ಮೆಟ್ರೋದಿಂದ ಇಳಿದ ಮೇಲೆ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಶಾಲೆಯ ಬಾಗಿಲಲ್ಲಿ 'ಶುದ್ಧ ಗಾಳಿಗಾಗಿ ನಮ್ಮ ರೋಬೋಟ್' ಎಂಬ ಬ್ಯಾನರಿನ ಕೆಳಗೆ ಮಕ್ಕಳೆಲ್ಲ ಮಾಸ್ಕ್ ಹಾಕಿ ಕೆಮ್ಮುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಒಳಗೆ ಬಾಸ್ಕೆಟ್‌ಬಾಲ್ ಅಂಗಳದ ತುಂಬ ತಂಡಗಳು. ಅಕಾಡೆಮಿ ತಂಡಗಳಿಗೆ ಒಂದೇ ಬಣ್ಣದ ಜಾಕೆಟ್, ಒಂದೇ ಅಚ್ಚಿನ ರೋಬೋಟ್, ಒಂದೇ ಭಾಷಣ. ಅವರ ಕೋಚ್‌ಗಳು ಕೋಚ್‌ಗಳಿಗೆಂದು ಎಳೆದ ಕೆಂಪು ಗೆರೆಯ ಹಿಂದೆ ನಿಂತು, ಕೆಮ್ಮಿಗೆ ಒಂದು ಅರ್ಥ, ತಲೆ ಕೆರೆತಕ್ಕೆ ಒಂದು ಅರ್ಥ ಎಂದು ಮೊದಲೇ ಗೊತ್ತುಮಾಡಿಕೊಂಡಂತಿತ್ತು. ಆ ಗಾಳಿಯಲ್ಲಿ ಯಾವ ಕೆಮ್ಮು ಸೂಚನೆ, ಯಾವುದು ನಿಜವಾದ ಕೆಮ್ಮು ಎಂದು ತೀರ್ಪುಗಾರರಿಗೆ ಹೇಗೆ ತಿಳಿಯಬೇಕು?

ಮೊದಲ ಸುತ್ತು. ಗೋಲ್ಗಪ್ಪಾ ಹೊರಟಿತು. ಗೆರೆ ಎಡಕ್ಕೆ ತಿರುಗಿತು, ಗೋಲ್ಗಪ್ಪಾ ತಿರುಗಲಿಲ್ಲ. ಸೀದಾ ಹೋಗಿ ಅಂಚಿನ ಹಲಗೆಗೆ ಗುದ್ದಿ, ಚಕ್ರ ತಿರುಗಿಸುತ್ತ ಅಲ್ಲೇ ನಿಂತಿತು.

ಅಭ್ಯಾಸದ ಮೇಜಿನ ಬಳಿ ಚಿರಂತ್ ರೋಬೋಟಿನ ಕಣ್ಣನ್ನು ಕಪ್ಪು ಗೆರೆಯ ಮೇಲಿಟ್ಟು ಅಳೆದ. ಐವತ್ತೆರಡು. ಅಂಗಳದ ದೊಡ್ಡ ದೀಪಗಳ ಬೆಳಕಿಗೆ, ನುಣುಪಾದ ಹೊಸ ಹಾಸಿನಲ್ಲಿ, ಕಪ್ಪೂ ಹೊಳೆಯುತ್ತಿತ್ತು. ಗಡಿ ನಲವತ್ತೈದಕ್ಕೇ ನಿಂತಿದ್ದರಿಂದ ರೋಬೋಟಿನ ಪಾಲಿಗೆ ಇಡೀ ಲೋಕವೇ ಬಿಳಿ. ಗೆರೆ ಎಂಬುದೇ ಇರಲಿಲ್ಲ.

"ಗಡಿ ಎಪ್ಪತ್ತು ಮಾಡಬೇಕು," ಎಂದ ಚಿರಂತ್. "ಒಂದು ನಂಬರ್, ಬಸ್."

ಅಮೂಲ್ಯ ಅಜ್ಜನ ಕಡೆ ನೋಡಿದಳು. ಅಭ್ಯಾಸದ ಮೇಜಿನಲ್ಲಿ ಕೋಚ್ ಮಾತಾಡಬಹುದಿತ್ತು. ಮಾತಾಡಬಾರದಿತ್ತು ಎನ್ನುವುದು ಆಮೇಲೆ ಎಲ್ಲರಿಗೂ ತಿಳಿಯಿತು.

"ಮೂವರ ಒಮ್ಮತ ಇದೆಯಾ?" ಎಂದರು ದೇವೇಂದ್ರಪ್ಪನವರು. "ಹರ್ಲೀನ್ ಎಲ್ಲಿ?"

"ವಾಶ್‌ರೂಮ್‌ಗೆ ಹೋಗಿದಾಳೆ ಅಜ್ಜಾ. ಉದ್ದ ಲೈನ್ ಇದೆ."

"ಹಾಗಾದರೆ ಬರಲಿ. ಮೇಲಾಗಿ, ಒಂದು ಸಲ ಆಗಿದ್ದು ಆಕಸ್ಮಿಕ ಇರಬಹುದು. ಒಂದೇ ಪ್ರಯೋಗದ ಮೇಲೆ ಇಷ್ಟು ದೊಡ್ಡ ಬದಲಾವಣೆ ಮಾಡೋದು ಸರಿಯಲ್ಲ."

"ತಾತ, ನಾನು ಅಳೆದಿದೀನಿ! ನೋಡಿ, ಐವತ್ತೆರಡು!"

"ಇನ್ನೊಬ್ಬರು ಅಳೆದು ದೃಢಪಡಿಸಿದರೆ—"

ಅಷ್ಟರಲ್ಲಿ ಮೈಕಿನಲ್ಲಿ ತಂಡದ ಹೆಸರು ಕೂಗಿದರು. ಹರ್ಲೀನ್ ಓಡಿ ಬಂದಾಗ ಎರಡನೇ ಸುತ್ತು ಶುರುವಾಗಿತ್ತು. ಗೋಲ್ಗಪ್ಪಾ ಅದೇ ನಲವತ್ತೈದನ್ನು ಹೊತ್ತು, ಅದೇ ದಾರಿ ಹಿಡಿದು, ಅದೇ ಹಲಗೆಗೆ ಹೋಗಿ ಗುದ್ದಿತು. ಆಕಸ್ಮಿಕವಲ್ಲ ಎನ್ನುವುದು ದೃಢಪಟ್ಟಿತು.

ಅಮೂಲ್ಯಳ ಕಣ್ಣು ತುಂಬಿತ್ತು. ಆದರೆ ದನಿ ನಡುಗಲಿಲ್ಲ. "ಅಜ್ಜಾ, ನೀವು ಹೋಗಿ ಆ ಗೆರೆ ಹಿಂದೆ ನಿಂತ್ಕೊಳ್ಳಿ. ನಮ್ಮನ್ನ ಏನೂ ಕೇಳಬೇಡಿ."

"ಆದರೆ ಪೂರ್ವಾನುಮತಿ—"

"ದಾದಾಜಿ, ಮೀಟಿಂಗ್ ಹೋ ಗಯೀ," ಎಂದಳು ಹರ್ಲೀನ್, ಒದ್ದೆ ಕೈಯನ್ನು ಕುರ್ತಾಕ್ಕೆ ಒರೆಸುತ್ತ. ಸಭೆ ಮುಗಿಯಿತು.

ದೇವೇಂದ್ರಪ್ಪನವರು ಹೋಗಿ ಕೆಂಪು ಗೆರೆಯ ಹಿಂದೆ ನಿಂತರು. ಅಲ್ಲಿಂದ ಚಿರಂತ್ ಲ್ಯಾಪ್‌ಟಾಪಿನಲ್ಲಿ ಅಂಕಿ ಬದಲಿಸುವುದು ಸ್ಪಷ್ಟವಾಗಿ ಕಂಡಿತು. ಅವರ ಕಣ್ಣೆದುರಿಗೇ, ಹಾಡಹಗಲಿನಲ್ಲಿ, ಅನುಮತಿ ಇಲ್ಲದ ತಿದ್ದುಪಡಿ. ಬಾಯಿ ತೆರೆದುಕೊಂಡಿತು, ಮುಚ್ಚಿಕೊಂಡರು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಸುತ್ತು ಶುರುವಾಗುವ ಮುನ್ನ ಕೋಚ್ ಕೈ ಎತ್ತಿ ತಂಡ ಸಿದ್ಧ ಎನ್ನಬೇಕೆಂಬ ನಿಯಮವಿತ್ತು. ಎತ್ತದಿದ್ದರೆ ಸುತ್ತು ರದ್ದು. ಹಿಂದಿನ ಎರಡೂ ಸಲ ಯೋಚನೆಯಿಲ್ಲದೆ ಎತ್ತಿದ್ದರು, ಎಲ್ಲ ಕ್ರಮಬದ್ಧವಾಗಿತ್ತಲ್ಲ. ಈಗ ಕೈ ಮೇಲೇಳಲಿಲ್ಲ. ತಾವು ಪರಿಶೀಲಿಸದ, ಕಾಗದದ ಮೇಲೆ ಎಲ್ಲೂ ಇಲ್ಲದ ಒಂದು ಅಂಕಿಗೆ ಎಲ್ಲರ ಮುಂದೆ ಒಪ್ಪಿಗೆ ಕೊಡಬೇಕು. ಕೆಟ್ಟರೆ ಹೊಣೆ ಯಾರದು? ಕೊಡದಿದ್ದರೆ ಪ್ರೊಬೇಷನ್ ಇವತ್ತೇ ಮುಗಿಯಿತು, ಮುಂದಿನ ಭಾನುವಾರ ತಮ್ಮ ಸೋಫಾದಲ್ಲಿ ಆ ಬುವಾ ಕೂತಿರುತ್ತಾಳೆ.

"ಸರ್, ರೆಡಿ?" ಎಂದ ತೀರ್ಪುಗಾರ ಹುಡುಗ.

ದೇವೇಂದ್ರಪ್ಪನವರ ಕೈ ಎದೆಯವರೆಗೆ ಬಂದು ನಿಂತಿತು.

"ಹಾಂ ಯಾ ನಾ, ಸರ್? ಪೀಛೇ ಲೈನ್ ಹೈ."

ಹಿಂದೆ ನಿಜಕ್ಕೂ ಸಾಲಿತ್ತು. ಮುಂದೆ ಮೂರು ಜೊತೆ ಕಣ್ಣುಗಳಿದ್ದವು. "ಹಾಂ," ಎಂದರು ದೇವೇಂದ್ರಪ್ಪನವರು. ಕೈ ಪೂರ್ತಿ ಮೇಲೆ ಹೋಯಿತು. ಅದು ಧೈರ್ಯವೋ, ಬುವಾಳ ಭಯವೋ ಎಂದು ಅವರಿಗೇ ಗೊತ್ತಾಗಲಿಲ್ಲ.

ಗೋಲ್ಗಪ್ಪಾ ಹೊರಟಿತು. ಗೆರೆ ತಿರುಗಿತು, ಗೋಲ್ಗಪ್ಪಾವೂ ತಿರುಗಿತು. ಒಂದು ಬ್ಲಾಕು ನುಂಗಿ ಚೌಕದಲ್ಲಿ ಉಗುಳಿತು. ಇನ್ನೊಂದು. ಮೂರನೆಯದನ್ನು ಅರ್ಧ ದಾರಿಯಲ್ಲಿ ಬೀಳಿಸಿತು, ನಾಲ್ಕನೆಯದರ ಹತ್ತಿರ ಹೋಗುವಷ್ಟರಲ್ಲಿ ವೇಳೆ ಮುಗಿಯಿತು. ಮುಂದಿನ ಹಂತಕ್ಕೆ ಹೋಗಲು ಅದು ಸಾಲದು. ಎರಡು ಸುತ್ತು ಕೈಯಲ್ಲಿದ್ದಿದ್ದರೆ ಆ ಮೂರನೆಯ ಬ್ಲಾಕಿನ ದೋಷ ಸರಿಪಡಿಸಬಹುದಿತ್ತು. ಮೂವರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಆಟದ ನಂತರ ಪ್ರತಿ ತಂಡವನ್ನೂ ಒಂದು ಕೋಣೆಗೆ ಕರೆದು ಪ್ರಶ್ನೆ ಕೇಳುವ ಕ್ರಮವಿತ್ತು. ಕೋಚ್‌ಗಳು ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಇವರಿಗಿಂತ ಮುಂಚೆ ಒಂದು ಅಕಾಡೆಮಿ ತಂಡ ಇತ್ತು, ಅಂಗಳದಲ್ಲಿ ನಾಲ್ಕೂ ಬ್ಲಾಕು ಇಟ್ಟು ಬಂದದ್ದು. ಪರೀಕ್ಷಕಿ ಅವರ ರೋಬೋಟಿನ ಕಣ್ಣನ್ನು ತೋರಿಸಿ, ಇದು ಏನು ಮಾಡುತ್ತದೆ ಎಂದು ಕೇಳಿದರು. ಜಾಕೆಟಿನ ಹುಡುಗ ಕೋಚ್ ಕಡೆ ತಿರುಗಿ ನೋಡಿ, ಆಮೇಲೆ ವಿನಯದಿಂದ ಹೇಳಿದ: "ವೋ ಸರ್ ಜಾನತೇ ಹೈಂ." ಅದು ಸರ್‌ಗೆ ಗೊತ್ತು. ಸರ್ ಕೆಮ್ಮಿದರು. ಆ ಕೆಮ್ಮಿಗೆ ಅರ್ಥ ಗೊತ್ತುಮಾಡಿರಲಿಲ್ಲವೋ ಏನೋ, ಹುಡುಗ ಸುಮ್ಮನೆ ನಿಂತ.

ಗೋಲ್ಗಪ್ಪಾ ತಂಡ ಬಂತು. ಈ ಚಕ್ರ ಯಾಕೆ ಎಂದರೆ ಅಮೂಲ್ಯ ಮೂರೂ ಚಕ್ರಗಳ ಕಥೆ ಹೇಳಿ, ರಬ್ಬರಿನ ಕಥೆಗೂ ಹೋದಳು. ಎಪ್ಪತ್ತೇ ಯಾಕೆ ಎಂದರೆ ಚಿರಂತ್ ನಲವತ್ತೈದರಿಂದ ಶುರುಮಾಡಿ ಟ್ಯೂಬ್‌ಲೈಟು, ಪರದೆ, ನುಣುಪು ಹಾಸು ಎಲ್ಲವನ್ನೂ ಬಿಡಿಸಿಟ್ಟ. ಹೇಳುವಾಗ ಹಳೆಯ ಸಿಟ್ಟು ಮತ್ತೆ ಬಂದು ಕಿವಿ ಕೆಂಪಾಯಿತು. ಪರೀಕ್ಷಕಿ ಪೆನ್ನು ಕೆಳಗಿಟ್ಟು, ಇಷ್ಟೆಲ್ಲ ಅಳೆಯಲು ಯಾರು ಹೇಳಿಕೊಟ್ಟರು ಎಂದರು.

"ಕಿಸೀ ನೇ ನಹೀಂ," ಎಂದಳು ಹರ್ಲೀನ್. ಯಾರೂ ಇಲ್ಲ. "ದಾದಾಜಿ ಹರ್ ಚೀಜ್ ಪೇ ಕ್ಯೋಂ ಕ್ಯೋಂ ಪೂಛತೇ ಹೈಂ. ಉತ್ತರ ಕೊಡದಿದ್ರೆ ಆಗೇ ನಹೀಂ ಜಾನೇ ದೇತೇ." ಎಲ್ಲದಕ್ಕೂ ಯಾಕೆ ಯಾಕೆ ಎನ್ನುವ ಅಜ್ಜ ಉತ್ತರ ಸಿಗದೆ ಮುಂದೆ ಹೋಗಲು ಬಿಡುವುದಿಲ್ಲವಂತೆ. ಜೊತೆಗಾರರ ಒಡನಾಟದಲ್ಲಿ ಅವಳ ಬಾಯಲ್ಲೂ ಒಂದೊಂದು ಕನ್ನಡ ಮಾತು ಜಾರುತ್ತಿತ್ತು.

ಹಾಗಾದರೆ ದಾದಾಜಿ ತಾವು ಏನು ಮಾಡುತ್ತಾರೆ ಎಂದು ಪರೀಕ್ಷಕಿ ಕೇಳಿದರು.

ಹರ್ಲೀನ್ ಪ್ರಾಮಾಣಿಕವಾಗಿ ಯೋಚಿಸಿದಳು. "ಕುಛ್ ನಹೀಂ."

ಪರೀಕ್ಷಕಿ ಆ 'ಏನೂ ಇಲ್ಲ'ವನ್ನು ಬರೆದುಕೊಂಡರು. ಸಂಜೆ, ರೋಬೋಟನ್ನು ಪೂರ್ತಿ ತಾವೇ ಕಟ್ಟಿದ ತಂಡಕ್ಕೆಂದು ಇದ್ದ ಒಂದು ಸಣ್ಣ ಪ್ಲಾಸ್ಟಿಕ್ ಕಪ್ ಗೋಲ್ಗಪ್ಪಾ ತಂಡಕ್ಕೆ ಬಂತು. ಕೊಡುವಾಗ ವೇದಿಕೆಯ ಮೇಲಿದ್ದವರು, ಕೋಚ್ ಒಂದಿಷ್ಟೂ ಕೈಹಾಕದ ಏಕೈಕ ತಂಡ ಇದು ಎಂದು ಮೈಕಿನಲ್ಲಿ ಹೊಗಳಿದರು. ಸೇವೆಯಲ್ಲಿದ್ದಷ್ಟು ಕಾಲ ದೇವೇಂದ್ರಪ್ಪನವರ ಕಾರ್ಯವೈಖರಿಯನ್ನು ಇಷ್ಟು ಖಚಿತವಾಗಿ ಯಾರೂ ದಾಖಲಿಸಿರಲಿಲ್ಲ. ಅವರು ಎದ್ದು ನಿಂತು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

ನೋಯ್ಡಾದಿಂದ ಜನಕಪುರಿಗೆ ನೀಲಿ ಮಾರ್ಗದ ಮೆಟ್ರೋ ಸೀದಾ ಹೋಗುತ್ತದೆ, ದಾರಿ ಉದ್ದ. ಸೀಟು ಸಿಕ್ಕಿತು. ತೊಡೆಯ ಮೇಲೆ ಕಪ್ ಇಟ್ಟುಕೊಂಡು ದೇವೇಂದ್ರಪ್ಪನವರು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇದರ ಬಗ್ಗೆ ನಾಲ್ಕು ಮಾತು ಹೇಳುವುದನ್ನು ಕಲ್ಪಿಸಿಕೊಳ್ಳತೊಡಗಿದರು. ಯಮುನೆ ದಾಟುವಷ್ಟರಲ್ಲಿ ನಾಲ್ಕು ಮಾತು ಒಂದು ಭಾಷಣವಾಗಿತ್ತು.

"ಅಜ್ಜಾ," ಎಂದಳು ಪಕ್ಕದಲ್ಲಿ ಅಮೂಲ್ಯ. "ಎರಡನೇ ರೌಂಡ್ ನಿಮ್ಮಿಂದ ಹೋಯ್ತು."

"ಕಪ್ ಬಂತಲ್ಲಮ್ಮ."

"ಕಪ್ ಬಂದಿದ್ದು ನಾವು ಅಳೆದಿದ್ದಕ್ಕೆ. ನಾವು ಅದಕ್ಕೆ ಥೋಡೀ ಹೋಗಿದ್ವಿ? ನಾವು ನೆಕ್ಸ್ಟ್ ರೌಂಡ್‌ಗೆ ಹೋಗಬೇಕಿತ್ತು."

"ಆದೇಶದ ಪ್ರಕಾರ..." ಎಂದು ಶುರುಮಾಡಿದ ದೇವೇಂದ್ರಪ್ಪನವರು ಮೊಮ್ಮಗಳ ಮುಖ ನೋಡಿ ನಿಲ್ಲಿಸಿದರು. ಆ ಆದೇಶ ಹೊರಡಿಸಿದ್ದು ಯಾರು? ತಮ್ಮ ಸೇವೆಯಲ್ಲಿ ಮೊದಲ ಬಾರಿಗೆ ಮೇಲಿನವರು ಎಂದು ಬೆರಳು ತೋರಿಸಲು ಮೇಲೆ ಯಾರೂ ಇರಲಿಲ್ಲ. "ತಪ್ಪಾಯ್ತು," ಎಂದರು. ಮೆಟ್ರೋದ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಹೇಳಿದರು. "ತಪ್ಪಾಯ್ತಮ್ಮ. ಹುಡುಗ ಅಳೆದು ತೋರಿಸಿದ್ದ."

ಅಮೂಲ್ಯ ಎದ್ದು ಬಾಗಿಲಿನ ಹತ್ತಿರ ಹೋದಳು. ಚಿರಂತ್, ಹರ್ಲೀನ್ ಸೇರಿದರು. ಮೂರು ತಲೆಗಳು ಕಂಬದ ಸುತ್ತ ಕೂಡಿಕೊಂಡವು. ನಿಲ್ದಾಣಗಳು ಬಂದು ಹೋದವು, ಜನ ಹತ್ತಿದರು, ತಲೆಗಳು ಕಾಣದಾದವು. ತಮ್ಮ ವಿಷಯ ಇನ್ನೊಬ್ಬರು ಚರ್ಚಿಸುವಾಗ ಕಾಯುವುದು ಎಂದರೆ ಏನೆಂದು ದೇವೇಂದ್ರಪ್ಪನವರಿಗೆ ಇದುವರೆಗೆ ಗೊತ್ತಿರಲಿಲ್ಲ. ಕಪ್ ಅನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದರು. ಮತ್ತೆ ಮೊದಲಿನದಕ್ಕೇ ತಂದರು.

ರಾಜೀವ್ ಚೌಕದಲ್ಲಿ ಜನ ಇಳಿದ ಮೇಲೆ ಮೂವರೂ ಬಂದು ಮುಂದೆ ನಿಂತರು. ಚಿರಂತ್ ಗಂಟಲು ಸರಿಮಾಡಿಕೊಂಡ.

"ತಾತ, ನೀವು ಬರಬಹುದು. ಭಾನುವಾರ ಯಾಕೆ ಅಂತ ಕೇಳಬಹುದು. ಆದ್ರೆ ಒಂದು ಸಲ ಉತ್ತರ ಕೊಟ್ಟ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಬಾರದು."

"ಮತ್ತೆ ಕಾಂಪಿಟಿಷನ್ ದಿನ ಏನೂ ಕೇಳಬಾರದು," ಎಂದಳು ಅಮೂಲ್ಯ. "ಕೈ ಮಾತ್ರ ಎತ್ತಬೇಕು."

"ಔರ್ ಫ್ರಿಜ್ ಪೇ ಕುಛ್ ನಹೀಂ ಚಿಪ್ಕಾನಾ," ಎಂದಳು ಹರ್ಲೀನ್. ಫ್ರಿಜ್ಜಿಗೆ ಇನ್ನು ಏನನ್ನೂ ಅಂಟಿಸುವಂತಿಲ್ಲ.

ದೇವೇಂದ್ರಪ್ಪನವರು ತಲೆಯಾಡಿಸಿದರು. ಯಾವ ಕಲಮಿಗೂ ಸ್ಪಷ್ಟನೆ ಕೇಳಲಿಲ್ಲ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು. "ಹಾಗಾದರೆ ನಿನ್ನ ಬುವಾ?"

ಹರ್ಲೀನ್ ನಕ್ಕಳು. "ಬುವಾ ತೋ ಅಮೃತಸರ್ ಮೇಂ ರಹತೀ ಹೈ, ದಾದಾಜಿ." ಬುವಾ ಇರುವುದೇ ಅಮೃತಸರದಲ್ಲಿ.

ಮುಂದಿನ ಭಾನುವಾರ ಅವರು ಬೂಟಿಲ್ಲದೆ ಹಾಲ್‌ಗೆ ಬಂದರು. ಸ್ಪರ್ಧೆಯವರು ಕೊಟ್ಟಿದ್ದ, ಸುರುಳಿ ಸುತ್ತಿ ತಂದ ಹಾಸು ಬಿಚ್ಚಿದರೆ ಮೂಲೆಗಳು ಮೇಲಕ್ಕೆ ಮುದುಡಿಕೊಳ್ಳುತ್ತಿದ್ದವು. ಮೂರು ಮೂಲೆಗೆ ಸುಮಿತ್ರಾರವರ ಕುಕ್ಕರು, ಕಡಾಯಿ, ದೋಸೆ ಹಂಚು ಬಂದವು. ನಾಲ್ಕನೆಯದಕ್ಕೆ ಏನಿಡುವುದೆಂದು ಅಮೂಲ್ಯ ಸುತ್ತ ನೋಡಿದಳು. ಅವಳ ಕಣ್ಣು ಅಜ್ಜನ ಮೇಲೆ ನಿಂತಿತು.

"ಅಜ್ಜಾ, ಇಲ್ಲಿ ನಿಂತ್ಕೊಳ್ಳಿ. ಅಲ್ಲಾಡಬೇಡಿ."

ದೇವೇಂದ್ರಪ್ಪನವರು ಬರಿಗಾಲಲ್ಲಿ ಮೂಲೆಯ ಮೇಲೆ ನಿಂತರು. ಅಡುಗೆಮನೆಯ ಬಾಗಿಲಿಂದ ಸುಮಿತ್ರಾ ನೋಡಿ, "ಅಂತೂ ಒಂದು ಹುದ್ದೆ ಸಿಕ್ತು," ಎಂದರು. ಅವರು ತಿರುಗಿ ನೋಡಲಿಲ್ಲ. ತಿರುಗಿದರೆ ಮೂಲೆ ಏಳುತ್ತಿತ್ತು.

ಚಿರಂತ್ ಗುಂಡಿ ಒತ್ತಿದ. ಗೋಲ್ಗಪ್ಪಾ ಹೊರಟು, ಮೊದಲ ತಿರುವು ದಾಟಿ, ಎರಡನೆಯದರಲ್ಲಿ ಗೆರೆ ಬಿಟ್ಟು, ನೇರವಾಗಿ ಬಂದು ದೇವೇಂದ್ರಪ್ಪನವರ ಹೆಬ್ಬೆರಳಿಗೆ ಗುದ್ದಿತು. ಸ್ವಲ್ಪ ಹಿಂದೆ ಸರಿದು ಮತ್ತೆ ಗುದ್ದಿತು.

"ಕಾಲು ತೆಗೀಲಾ?" ಎಂದರು ಅವರು, ಮೆಲ್ಲಗೆ.

"ಬೇಡ ತಾತ, ಅದೇ ತಿರುಗುತ್ತೆ," ಎಂದ ಚಿರಂತ್, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ಅದು ತಿರುಗಲಿಲ್ಲ. ಯಾಕೆ ಎಂದು ಕೇಳುವ ಹಕ್ಕು ಅವರಿಗಿತ್ತು, ಭಾನುವಾರವೂ ಆಗಿತ್ತು. ಆದರೂ ಹುಡುಗನಿಗೆ ಇನ್ನೊಂದು ನಿಮಿಷ ಕೊಡೋಣ ಎಂದು, ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತರು.